ಗಿಡುಗವೋ, ಹದ್ದೋ, ವಿಮಾನವೋ? ಹೆಸರಿಗೆ ಮೋಸ ಹೋಗದೆ ಗುರುತಿಸುವುದು ಹೇಗೆ

ಮೇಲೆ ಹಾರುತ್ತಿರುವ ಹಕ್ಕಿಯ ಮಬ್ಬು ಫೋಟೊ ಒಂದು. ಜೊತೆಗೆ ಒಂದೇ ಸಾಲು: "ಇದು ಗಿಡುಗನಾ, ಹದ್ದಾ?" ಹಕ್ಕಿಗಳ ಬಗ್ಗೆ ಬರೆಯುವ ಯಾರಿಗಾದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆ ಬರುತ್ತವೆ. ಸುದ್ದಿಯಲ್ಲಿ ಬರುವ 'ಬ್ಲ್ಯಾಕ್ ಹಾಕ್' ಹೆಲಿಕಾಪ್ಟರ್‌ಗೆ ಕರಿಗಿಡುಗ ಅನ್ನಬಹುದಾ? ದೇವಸ್ಥಾನದ ಕಂಬದ ಮೇಲೆ ಕೊಕ್ಕಿರುವ ಮೂರ್ತಿ ಗರುಡನಾ, ಗಂಡಭೇರುಂಡನಾ? ಮೂರಕ್ಕೂ ಸೇರಿಸಿ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಕೂತೆ.

ಹಕ್ಕಿಯಾಗಲಿ, ವಿಮಾನವಾಗಲಿ, ಕಲ್ಲಿನ ಮೂರ್ತಿಯಾಗಲಿ, ಮೊದಲು ಆಕಾರ ನೋಡಿ. ಹೆಸರನ್ನು ಕೊನೆಗೆ ಕೇಳಿ. ಗೊಂದಲ ಆಗುವುದೆಲ್ಲ ಇದನ್ನು ತಿರುಗುಮುರುಗು ಮಾಡಿದಾಗ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಅದರ ಮೇಲೆ 8x42 ಅಂತ ಬರೆದಿರುತ್ತದೆ. 8 ಅಂದರೆ ವಸ್ತು ಎಂಟು ಪಟ್ಟು ಹತ್ತಿರ ಕಾಣುತ್ತದೆ ಎಂದು, 42 ಅಂದರೆ ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದು. ಹೊಸಬರಿಗೆ ಇದು ಸಾಕು. 12 ಪಟ್ಟು, 20 ಪಟ್ಟಿನದು ಕೊಂಡರೆ ಕೈ ನಡುಗಿ ಹಕ್ಕಿಯೇ ಸಿಗುವುದಿಲ್ಲ. ಒಂದು ಚಿಕ್ಕ ಪುಸ್ತಕ, ಪೆನ್ನು ಇಟ್ಟುಕೊಳ್ಳಿ. ಫೋನ್ ಕ್ಯಾಮೆರಾ ಇದೆಯಲ್ಲ ಅನ್ನಬೇಡಿ. ಹಾರುವ ಹಕ್ಕಿ ಅದರಲ್ಲಿ ಕಪ್ಪು ಚುಕ್ಕೆ ಆಗಿಬಿಡುತ್ತದೆ. ಕಂಡದ್ದನ್ನು ಎರಡು ಗೆರೆಯಲ್ಲಿ ಬಿಡಿಸಿದರೆ ಆ ಫೋಟೊಗಿಂತ ಎಷ್ಟೋ ವಾಸಿ.

ಹಂತ 1: ಹೆಸರನ್ನು ಪಕ್ಕಕ್ಕಿಡಿ

ನಮ್ಮ ಮಾತಲ್ಲಿ ಹದ್ದು, ಗಿಡುಗ, ಡೇಗೆ, ಚಾಣ, ಬಿಜ್ಜು, ಗರುಡ ಎಲ್ಲ ಇವೆ. ಆದರೆ ಒಂದೂರಿನ ಗಿಡುಗ ಪಕ್ಕದೂರಿನಲ್ಲಿ ಡೇಗೆ. ಕೋಳಿಮರಿ ಎತ್ತಿಕೊಂಡು ಹೋಗುವುದೆಲ್ಲ ಹದ್ದು ಅನ್ನುವವರೂ ಇದ್ದಾರೆ. ತಪ್ಪೇನಿಲ್ಲ, ಮರಿ ಕಳೆದುಕೊಂಡವರಿಗೆ ಅಷ್ಟು ಸಾಕು.

ಇಂಗ್ಲಿಷಿನವರ ಕಥೆ ಇದಕ್ಕಿಂತ ಚೆನ್ನಾಗೇನೂ ಇಲ್ಲ. ಅಮೆರಿಕದಲ್ಲಿ ರೆಡ್ ಟೇಲ್ಡ್ ಹಾಕ್ ಅನ್ನುವ ಹಕ್ಕಿ ಬ್ರಿಟನ್ನಿನವರು ಬಜರ್ಡ್ ಅಂತ ಕರೆಯುವ ಗುಂಪಿಗೆ ಸೇರಿದ್ದು. ಅಮೆರಿಕದ ಹಳ್ಳಿಯವರು ಬಜರ್ಡ್ ಅಂದರೆ ರಣಹದ್ದು! ಹಾಗಾಗಿ ಇಂಗ್ಲಿಷ್ ಹೆಸರು ಹೇಳಿಬಿಟ್ಟರೆ ಗೊಂದಲ ಮುಗಿಯಿತು ಅಂದುಕೊಳ್ಳಬೇಡಿ.

ಈ ಲೇಖನದ ಮಟ್ಟಿಗೆ ಹೀಗೆ ಇಟ್ಟುಕೊಳ್ಳೋಣ. ಕವಲು ಬಾಲದ ಕಂದು ಹಕ್ಕಿ ಹದ್ದು. ಮರಗಳ ನಡುವೆ ನುಗ್ಗಿ ಬೇಟೆಯಾಡುವ ಮೋಟು ರೆಕ್ಕೆಯದು ಗಿಡುಗ. ಚೂಪು ರೆಕ್ಕೆಯ ವೇಗದ ಹಕ್ಕಿ ಚಾಣ, ಅಂದರೆ ಫಾಲ್ಕನ್.

ಹಂತ 2: ಬಾಲ ನೋಡಿ

ಊರಲ್ಲಿ ತಲೆ ಮೇಲೆ ಸುತ್ತುವ ಹತ್ತರಲ್ಲಿ ಎಂಟೊಂಬತ್ತು ಹಕ್ಕಿ ಹದ್ದೇ. ಮಾಂಸದಂಗಡಿ, ಕಸದ ರಾಶಿ, ಮಾರುಕಟ್ಟೆ ಇದ್ದಲ್ಲೆಲ್ಲ ಇರುತ್ತದೆ. ಬಾಲದ ತುದಿ ನೋಡಿ, ನಡುವೆ ಕತ್ತರಿಸಿದ ಹಾಗೆ ಕವಲಾಗಿರುತ್ತದೆ. ಗಾಳಿಯಲ್ಲಿ ತೇಲುವಾಗ ಆ ಬಾಲವನ್ನು ದೋಣಿಯ ಚುಕ್ಕಾಣಿಯಂತೆ ಆ ಕಡೆ ಈ ಕಡೆ ತಿರುಚುತ್ತದೆ. ಇದೊಂದನ್ನು ಕಂಡರೆ ಬೇರೇನೂ ನೋಡಬೇಕಿಲ್ಲ. ಮಕ್ಕಳ ಗಾಳಿಪಟಕ್ಕೆ ಇಂಗ್ಲಿಷಿನಲ್ಲಿ ಕೈಟ್ ಅನ್ನುತ್ತಾರಲ್ಲ, ಆ ಹೆಸರು ಈ ಜಾತಿಯ ಹಕ್ಕಿಯಿಂದಲೇ ಬಂದದ್ದು.

ಬಾಲದ ತುದಿ ದುಂಡಗಿದ್ದು, ತಲೆ ಮತ್ತು ಎದೆ ಬೆಳ್ಳಗೆ, ಮೈಯೆಲ್ಲ ಇಟ್ಟಿಗೆ ಬಣ್ಣ ಇದ್ದರೆ ಅದು ಗರುಡ. ಮಂಗಳೂರಿನ ದಕ್ಕೆಯಲ್ಲಿ ಮೀನಿನ ದೋಣಿ ಬಂದ ಹೊತ್ತಿಗೆ ನಿಂತು ನೋಡಿ. ಕೆರೆಗಳ ಮೇಲೂ ಸಿಗುತ್ತದೆ.

ಎಡವುವ ಜಾಗ: ಗರುಡದ ಮರಿಗೆ ಬಿಳಿ ತಲೆ ಇರುವುದಿಲ್ಲ. ಮೈಯೆಲ್ಲ ಕಂದು. ಹದ್ದೇ ಅಂತ ಬರೆದುಕೊಂಡು ಬಿಡುತ್ತೀರಿ. ಆಗ ಬಣ್ಣ ಬಿಟ್ಟು ಬಾಲದ ತುದಿಗೆ ವಾಪಸ್ ಬನ್ನಿ. ದುಂಡು ಬಾಲ ಕವಲಾಗುವುದಿಲ್ಲ. ಆದರೆ ಹದ್ದು ಬಾಲವನ್ನು ಪೂರ್ತಿ ಬಿಚ್ಚಿ ಬೀಸಣಿಗೆ ಮಾಡಿದಾಗ ಕವಲು ಕಾಣದೇ ಹೋಗಬಹುದು. ಅದು ಮುಚ್ಚುವವರೆಗೆ ಅರೆ ನಿಮಿಷ ಕಾಯಿರಿ.

ಹಂತ 3: ರೆಕ್ಕೆ ಮತ್ತು ಹಾರುವ ರೀತಿ

ಹದ್ದಲ್ಲ, ಗರುಡವೂ ಅಲ್ಲ ಅಂತಾದರೆ ರೆಕ್ಕೆಗೆ ಬನ್ನಿ.

ರೆಕ್ಕೆ ಮೋಟು, ತುದಿ ದುಂಡಗೆ, ಬಾಲ ಉದ್ದ. ನಾಲ್ಕೈದು ಸಲ ಪಟಪಟ ಬಡಿದು ಒಂದು ಜಾರು, ಮತ್ತೆ ಪಟಪಟ, ಮತ್ತೊಂದು ಜಾರು. ಇದು ಗಿಡುಗ. ಕೊಂಬೆಗಳ ನಡುವೆ ಗಕ್ಕನೆ ತಿರುಗಲು ಮೋಟು ರೆಕ್ಕೆ, ತಿರುವಿಗೆ ಹಿಡಿತ ಕೊಡಲು ಉದ್ದ ಬಾಲ.

ರೆಕ್ಕೆ ಕುಡುಗೋಲಿನಂತೆ ಬಾಗಿ ತುದಿ ಚೂಪಾಗಿದ್ದರೆ ಚಾಣದ ಗುಂಪು. ಪೆರೆಗ್ರಿನ್ ಫಾಲ್ಕನ್ ಮೇಲಿನಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ನೋಡಲು ಗಿಡುಗದ ದಾಯಾದಿಯಂತಿದ್ದರೂ ಚಾಣಗಳು ಆ ಮನೆಯವಲ್ಲ. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅವು ಗಿಣಿಗಳಿಗೆ ಹತ್ತಿರದ ನೆಂಟರು ಅಂತ ಗೊತ್ತಾಯಿತು. ಇದನ್ನು ಮೊದಲ ಸಲ ಓದಿದಾಗ ನಾನೂ ನಂಬಲಿಲ್ಲ.

ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಾ ಕೆಳಗೆ ನೋಡುತ್ತಿದೆಯೇ? ಇದಕ್ಕೆ ಹೋವರಿಂಗ್ ಅನ್ನುತ್ತಾರೆ. ಹೊಲದ ಮೇಲೆ ಹೀಗೆ ಮಾಡುವವು ನಮ್ಮಲ್ಲಿ ಮುಖ್ಯವಾಗಿ ಎರಡು. ಬೂದು-ಬಿಳಿ ಮೈ, ಭುಜದ ಮೇಲೆ ಕಪ್ಪು ಮಚ್ಚೆ, ಕೆಂಪು ಕಣ್ಣು ಇದ್ದರೆ ಕಪ್ಪು ರೆಕ್ಕೆಯ ಚಿಕ್ಕ ಹದ್ದು. ಇಟ್ಟಿಗೆಗಂದು ಬೆನ್ನಿದ್ದರೆ ಕೆಸ್ಟ್ರೆಲ್, ಅಂದರೆ ಚಳಿಗಾಲದ ಅತಿಥಿಯಾಗಿ ಬರುವ ಚಾಣ.

ಕೊಡಗಿನ ಕಡೆಯೋ ನಾಗರಹೊಳೆಯ ಅಂಚಿನಲ್ಲೋ ಎತ್ತರದಲ್ಲಿ ಸಿಳ್ಳೆ ಹಾಕುತ್ತಾ ಸುತ್ತುವ ದೊಡ್ಡ ಹಕ್ಕಿಯ ರೆಕ್ಕೆಯಡಿ ಅಗಲವಾದ ಬಿಳಿ ಪಟ್ಟಿ ಕಂಡರೆ ಅದು ಹಾವು ತಿನ್ನುವ ಸರ್ಪ ಗಿಡುಗ. ಹೆಸರು ಗಿಡುಗ, ಗುಂಪು ಬೇರೆ. ನೋಡಿದಿರಾ, ಹೆಸರು ಮತ್ತೆ ಕೈ ಕೊಟ್ಟಿತು.

ಹಂತ 4: ಕೂತಾಗ ಕಣ್ಣು ನೋಡಿ

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಮನೆ ಹಿತ್ತಲಲ್ಲೇ ಸಿಗುವ ನಿಜವಾದ ಗಿಡುಗ ಬಿಜ್ಜು. ಇಂಗ್ಲಿಷಿನವರೂ ಹಿಂದಿಯಿಂದ ತೆಗೆದುಕೊಂಡು ಶಿಕ್ರಾ ಅನ್ನುತ್ತಾರೆ. ಗಾತ್ರ ಪಾರಿವಾಳದಷ್ಟೇ, ಕೊಕ್ಕಿನಿಂದ ಬಾಲದ ತುದಿಗೆ 26ರಿಂದ 30 ಸೆಂಟಿಮೀಟರ್. ಪುಸ್ತಕಗಳಲ್ಲಿ ಇದರ ವೈಜ್ಞಾನಿಕ ಹೆಸರು ಆಕ್ಸಿಪಿಟರ್ ಬೇಡಿಯಸ್ ಅಂತಿತ್ತು. ಹೊಸ ಪಟ್ಟಿಗಳಲ್ಲಿ ಅದೂ ಬದಲಾಗಿ ಟಾಕಿಸ್ಪೀಜಾ ಬೇಡಿಯಾ ಆಗಿದೆ. ವಿಜ್ಞಾನಿಗಳ ಹೆಸರೂ ನಿಲ್ಲುವುದಿಲ್ಲ ಅಂದಮೇಲೆ ನಮ್ಮದೇನು ಬಿಡಿ.

ಬಿಜ್ಜು ಹುಡುಕುವ ಸುಲಭದ ದಾರಿ ಕಿವಿ. ಬೆಳಿಗ್ಗೆ ಅಳಿಲುಗಳು ಒಟ್ಟಿಗೇ ಚಿಕ್ ಚಿಕ್ ಅಂತ ಅರಚಲು ಶುರು ಮಾಡಿ ನಿಲ್ಲಿಸದೇ ಇದ್ದರೆ, ಅವು ಯಾವ ಕಡೆ ಮುಖ ಮಾಡಿವೆ ನೋಡಿ. ತೆಂಗಿನ ಗರಿಯ ಬುಡದಲ್ಲೋ ಹೊಂಗೆ ಮರದ ಒಳಕೊಂಬೆಯಲ್ಲೋ ಅದು ನೆಟ್ಟಗೆ ಕೂತಿರುತ್ತದೆ. ಬೆನ್ನು ಬೂದು. ಬಿಳಿ ಎದೆಯ ಮೇಲೆ ಸಣ್ಣ ಸಣ್ಣ ಕೆಂಗಂದು ಅಡ್ಡಗೆರೆ, ಮಗ್ಗದ ಮೇಲಿನ ಬಟ್ಟೆಯ ಹಾಗೆ ಒತ್ತೊತ್ತಾಗಿ. ಗಂಟಲ ನಡುವೆ ಒಂದು ಮಸುಕು ಗೀರು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ ಅಥವಾ ಕಿತ್ತಳೆ. ಹೆಣ್ಣೇ ದೊಡ್ಡದು. ಬೇಟೆ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಹಾಗೇ.

ಕಣ್ಣು ನೋಡಿ ಅಂದದ್ದು ಸುಮ್ನೆ ಅಲ್ಲ. ಮೊಗಲರ ಕಾಲದ ಹಕ್ಕಿ ಪಳಗಿಸುವವರು ಬೇಟೆ ಹಕ್ಕಿಗಳನ್ನು ಎರಡೇ ಗುಂಪು ಮಾಡುತ್ತಿದ್ದರು. ಹಳದಿ ಕಣ್ಣಿನವು ಗುಲಾಬ್ ಚಶ್ಮ್, ಕಪ್ಪು ಕಣ್ಣಿನವು ಸಿಯಾಹ್ ಚಶ್ಮ್. ಗಿಡುಗಗಳು ಮೊದಲ ಗುಂಪು, ಚಾಣಗಳು ಎರಡನೆಯದು. ಈಗಲೂ ಈ ಅಳತೆ ಚೆನ್ನಾಗಿ ಕೆಲಸ ಮಾಡುತ್ತದೆ.

ಎಡವುವ ಜಾಗ: ಬಿಜ್ಜುವಿನ ಮರಿಗೆ ಎದೆ ಮೇಲೆ ಅಡ್ಡಗೆರೆ ಇಲ್ಲ, ಉದ್ದಕ್ಕೆ ಇಳಿಯುವ ಕಂದು ಚುಕ್ಕಿಗೆರೆ. ಅದನ್ನು ಹೊಸ ಜಾತಿ ಅಂದುಕೊಳ್ಳುವವರು ಬಹಳ. ಇನ್ನೊಂದು, ಕಾಜಾಣ ಬಿಜ್ಜುವಿನ ಕೂಗನ್ನು ಚೆನ್ನಾಗಿ ಅಣಕಿಸುತ್ತದೆ. ಬರೀ ಕೂಗು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಡಿ.

ಹಂತ 5: ವೇಷ ಹಾಕಿದವರನ್ನು ಬೇರೆ ಮಾಡಿ

ಗಿಡುಗದ ಹೆಸರು ಹೊತ್ತ ಇನ್ನೂ ಇಬ್ಬರು ಹಿತ್ತಲಲ್ಲಿದ್ದಾರೆ.

ಒಂದು ಬಿಜ್ಜು ಕೋಗಿಲೆ, ಇಂಗ್ಲಿಷಿನ ಹಾಕ್ ಕುಕ್ಕೂ. ಮಳೆಗಾಲದ ಮೊದಲು ರಾತ್ರಿಯೆಲ್ಲ ಒಂದೇ ಕೂಗನ್ನು ಮೇಲೇರಿಸುತ್ತಾ ಹೋಗಿ ಗಕ್ಕನೆ ನಿಲ್ಲಿಸಿ, ಮತ್ತೆ ಮೊದಲಿಂದ ಶುರು ಮಾಡಿ ನಿದ್ದೆ ಕೆಡಿಸುವ ಹಕ್ಕಿ ಇದೇ. ಬೂದು ಬೆನ್ನು, ಪಟ್ಟೆ ಬಾಲ, ಪಟಪಟ-ಜಾರು ಹಾರಾಟ ಎಲ್ಲ ಬಿಜ್ಜುವಿನದೇ. ಬಂದು ಕೂತರೆ ಚಿಕ್ಕ ಹಕ್ಕಿಗಳು ಗಾಬರಿಯಾಗುತ್ತವೆ. ಇದು ಹರಟೆಮಲ್ಲಗಳ ಗೂಡಿನಲ್ಲಿ ಕದ್ದು ಮೊಟ್ಟೆ ಇಡುವ ಜಾತಿ, ವೇಷ ಉಪಯೋಗಕ್ಕೆ ಬರುತ್ತದೆ. ಬೇರೆ ಮಾಡಲು ಕೊಕ್ಕು ನೋಡಿ. ಗಿಡುಗದ್ದು ಬುಡದಿಂದಲೇ ಬಾಗಿದ ಕೊಕ್ಕೆ, ಕೋಗಿಲೆಯದು ತೆಳ್ಳಗೆ, ಹೆಚ್ಚು ಕಡಿಮೆ ನೇರ. ಕಾಲಲ್ಲಿ ಬೇಟೆ ಉಗುರೂ ಇಲ್ಲ.

ಎರಡನೆಯದು ಹಾಕ್ ಮಾತ್, ಗಿಡುಗ ಪತಂಗ. ಸಂಜೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದ ನಾಲಿಗೆಯಿಂದ ಮಕರಂದ ಹೀರುತ್ತದೆ. ಕಣಗಿಲೆ, ನಂದಿಬಟ್ಟಲು ಗಿಡದ ಎಲೆ ಬೋಳಿಸುವ ದಪ್ಪ ಹಸಿರು ಹುಳ ಕಂಡಿದ್ದೀರಾ? ಅದು ಈ ಜಾತಿಯ ಒಂದು ಪತಂಗದ ಮರಿ. ಔಷಧಿ ಹೊಡೆಯುವ ಮೊದಲು ಒಂದು ವಾರ ಬಿಟ್ಟು ನೋಡಿ, ಗಿಡ ಮತ್ತೆ ಚಿಗುರುತ್ತದೆ.

ಹಂತ 6: ಲೋಹದ ಗಿಡುಗಗಳು

ವಿಮಾನಗಳ ವಿಷಯಕ್ಕೆ ಬಂದರೆ ಹೆಸರಿನ ಬಲೆ ಇನ್ನೂ ದೊಡ್ಡದು. ಮೊದಲು ಆಕಾರ.

ಭಾರತೀಯ ವಾಯುಪಡೆಯ ಹಾಕ್ ವಿಮಾನ ಹೊಸ ಪೈಲಟ್‌ಗಳಿಗೆ ಜೆಟ್ ಕಲಿಸುವ ತರಬೇತಿ ವಿಮಾನ. ಬ್ರಿಟನ್ನಿನಲ್ಲಿ 1974ರಲ್ಲಿ ಮೊದಲು ಹಾರಿತು. ಭಾರತ 2004ರಲ್ಲಿ 66 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 42 ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗಬೇಕೆಂದು ಮಾತಾಗಿತ್ತು. ಹಾರಾಟದ ಪಾಠ ನಡೆಯುವುದು ಬೀದರ್‌ನಲ್ಲಿ. ಏರೋಬ್ಯಾಟಿಕ್ಸ್, ಅಂದರೆ ಆಕಾಶದ ಕಸರತ್ತು ಮಾಡುವ ಸೂರ್ಯಕಿರಣ್ ತಂಡ ಶುರುವಾದದ್ದು 1996ರಲ್ಲಿ, ಕಿರಣ್ ವಿಮಾನಗಳಿಂದ. 2011ರಲ್ಲಿ ನಿಂತುಹೋಗಿ, 2015ರಲ್ಲಿ ಹಾಕ್ ವಿಮಾನಗಳ ಮೇಲೆ ವಾಪಸ್ ಬಂತು.

ಯಲಹಂಕದ ಏರೋ ಇಂಡಿಯಾದಲ್ಲಿ ಗುರುತಿಸಬೇಕೆಂದರೆ ಹೀಗೆ ಮಾಡಿ. ಗಾಜಿನ ಮುಚ್ಚಳದಡಿ ಒಬ್ಬರ ಹಿಂದೆ ಒಬ್ಬರು ಕೂತಿರಬೇಕು, ಹಿಂದಿನವರ ಸೀಟು ಸ್ವಲ್ಪ ಎತ್ತರ. ರೆಕ್ಕೆ ಹೊಟ್ಟೆಯ ಕೆಳಭಾಗದಲ್ಲಿ. ಹಿಂದಿರುವ ಚಿಕ್ಕ ರೆಕ್ಕೆಗಳು ಇಳಿಜಾರಾಗಿ ಕೆಳಗೆ ವಾಲಿರುತ್ತವೆ. ಬೆಂಕಿ ಬರುವ ಕೊಳವೆ ಒಂದೇ. ಹಿಂದೆ ಚಿಕ್ಕ ರೆಕ್ಕೆಯೇ ಇಲ್ಲದೆ ತ್ರಿಕೋನದ ಹಾಗಿದ್ದರೆ ಅದು ತೇಜಸ್. ಇಬ್ಬರು ಅಕ್ಕಪಕ್ಕ ಕೂತಿದ್ದರೆ ಹಳೆಯ ಕಿರಣ್.

ಎಚ್ಚರಿಕೆ: ವಾಯುನೆಲೆಯ ಬೇಲಿ ಪಕ್ಕ ನಿಂತು ಫೋಟೊ ತೆಗೆಯಬೇಡಿ. ಪ್ರದರ್ಶನದ ದಿನ, ಬಿಟ್ಟ ಜಾಗದಲ್ಲಿ ಮಾತ್ರ.

ನಿಜವಾದ ಹದ್ದು ಮತ್ತು ಲೋಹದ ಗಿಡುಗ ಮುಖಾಮುಖಿ ಆಗುವುದೂ ಇಲ್ಲೇ. 2023ರ ಏರೋ ಇಂಡಿಯಾ ಸಮಯದಲ್ಲಿ ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸ ಮಾರಾಟವನ್ನು ಬಿಬಿಎಂಪಿ ನಿಲ್ಲಿಸಿತ್ತು. ಅದಕ್ಕೆ ಕಾರಣ ಹದ್ದು. ಮಾಂಸದ ಕಸ ಬಿದ್ದಲ್ಲಿ ಹದ್ದು ಸೇರುತ್ತದೆ, ಹದ್ದು ಎಂಜಿನ್ ಒಳಗೆ ಹೋದರೆ ವಿಮಾನವೇ ಬೀಳಬಹುದು.

ಈಗ ಹೆಸರುಗಳು. ಎಲ್ಲ 'ಹಾಕ್' ಹಕ್ಕಿಯಲ್ಲ.

ಹಾಕರ್ ಹಂಟರ್ ವಿಮಾನದ 'ಹಾಕರ್' ಒಬ್ಬ ಮನುಷ್ಯ, ಆಸ್ಟ್ರೇಲಿಯಾದ ಪೈಲಟ್ ಹ್ಯಾರಿ ಹಾಕರ್. ಅವರ ಹೆಸರಿನ ಕಂಪನಿ ಹುಟ್ಟಿದ್ದು 1920ರಲ್ಲಿ. ಬೀದಿಯಲ್ಲಿ ತರಕಾರಿ ಮಾರುವ ಹಾಕರ್‌ಗೂ ಹಕ್ಕಿಗೂ ಸಂಬಂಧವಿಲ್ಲ, ಅದು ಜರ್ಮನ್ ಕಡೆಯಿಂದ ಬಂದ ಬೇರೆಯೇ ಪದ. ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗೆ ಆ ಹೆಸರು ಬಂದದ್ದು ಅಮೆರಿಕದ ಮೂಲನಿವಾಸಿ ಸಾಕ್ ಜನರ ನಾಯಕನಿಂದ. ತಮ್ಮ ನೆಲಕ್ಕಾಗಿ 1832ರಲ್ಲಿ ಅಮೆರಿಕದ ಸೇನೆಯ ವಿರುದ್ಧ ಹೋರಾಡಿದ ಬ್ಲ್ಯಾಕ್ ಹಾಕ್ ಆತ. ಕೊನೆಗೆ ಅದೇ ಸೇನೆ ತನ್ನ ಹೆಲಿಕಾಪ್ಟರ್‌ಗೆ ಆತನ ಹೆಸರಿಟ್ಟಿತು. 'ಕರಿಗಿಡುಗ' ಅಂತ ಅನುವಾದಿಸಿದರೆ ಆ ಮನುಷ್ಯನೇ ಮಾಯ. ನಾನೂ ಒಮ್ಮೆ ಹಾಗೆ ಬರೆದು ಬೈಸಿಕೊಂಡಿದ್ದೇನೆ. ರೈಟ್ ಸಹೋದರರು 17 ಡಿಸೆಂಬರ್ 1903ರಂದು ಹಾರಿದ್ದು ಕಿಟಿ ಹಾಕ್ ಊರಿನ ಹತ್ತಿರ. ಅದು ಅಲ್ಲಿನ ಮೂಲನಿವಾಸಿಗಳ ಊರಹೆಸರು ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡದ್ದು, ಅಲ್ಲಿ ಕಿಟಿಯೂ ಇಲ್ಲ ಗಿಡುಗವೂ ಇಲ್ಲ. ಕ್ರಿಕೆಟ್‌ನ ಹಾಕ್ ಐ? ಅದನ್ನು ರೂಪಿಸಿದವರ ಹೆಸರು ಪಾಲ್ ಹಾಕಿನ್ಸ್. ಅರ್ಧ ಹಕ್ಕಿ, ಅರ್ಧ ಮನುಷ್ಯ ಅಂತಿಟ್ಟುಕೊಳ್ಳಿ.

ನಮ್ಮ ನೌಕಾಪಡೆಯಲ್ಲಿ ಸೀ ಹಾಕ್ ಎರಡು. 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನ ಮೇಲಿಂದ ಹಾರಿ ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಸೀ ಹಾಕ್ ಜೆಟ್. 2024ರ ಮಾರ್ಚಿನಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ್ದು ಸೀಹಾಕ್ ಹೆಲಿಕಾಪ್ಟರ್. ಅದು ಸೇರಿದ ನೆಲೆಯ ಹೆಸರು ಐಎನ್‌ಎಸ್ ಗರುಡ! ಓದುವಾಗ ಇಸವಿ ನೋಡಿಕೊಳ್ಳಿ.

ಬರೆಯುವವರಿಗೆ ಒಂದು ಮಾತು. ವಿಮಾನದ ಹೆಸರನ್ನು ಅನುವಾದಿಸಬೇಡಿ, ಹಾಕ್ ಅಂತಲೇ ಬಿಡಿ. ಬಡ್ಡಿ ದರದ ಸುದ್ದಿಯಲ್ಲಿ ಬರುವ 'ಹಾಕಿಶ್' ಅನ್ನು 'ಬಡ್ಡಿ ಏರಿಸುವ ಬಿಗಿ ನಿಲುವು' ಅನ್ನಿ. 'ಗಿಡುಗದ ನಿಲುವು' ಅಂದರೆ ಯಾರಿಗೆ ಅರ್ಥವಾದೀತು?

ಹಂತ 7: ಕಲ್ಲು, ಚಿತ್ರ, ಬಿರುದು

ಕಲ್ಲಿನಲ್ಲಿ ಮೊದಲು ತಲೆ ಎಣಿಸಿ. ಎರಡಿದ್ದರೆ ಗಂಡಭೇರುಂಡ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಎತ್ತರದ ಕಂಬದ ಮೇಲಿರುವುದು ಅದೇ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದು. ಅಲ್ಲಿ ಮೈ ಮನುಷ್ಯನದು, ತಲೆಗಳು ಹಕ್ಕಿಯವು. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಪೂರ್ತಿ ಹಕ್ಕಿಯಾಗಿ, ಕೊಕ್ಕು ಮತ್ತು ಉಗುರಲ್ಲಿ ಆನೆಗಳನ್ನು ಹಿಡಿದಿದೆ. ಈಗ ರಾಜ್ಯದ ಲಾಂಛನದ ನಡುವೆ ಇದೆ.

ತಲೆ ಒಂದೇ, ಚೂಪು ಮೂಗು, ಬೆನ್ನಿಗೆ ರೆಕ್ಕೆ, ಕೈ ಮುಗಿದು ವಿಷ್ಣುವಿನ ಕಡೆಗೆ ಮುಖ ಮಾಡಿದ್ದರೆ ಗರುಡ. ಬೇಲೂರಿನಲ್ಲಿ ಚೆನ್ನಕೇಶವನ ಎದುರು ನಿಂತವನು ಇವನೇ. ಆದರೆ ಹಳೇಬೀಡಿನ ಶಾಸನದಲ್ಲಿ 'ಗರುಡ' ಅಂತ ಕಂಡರೆ ಹಕ್ಕಿ ಹುಡುಕಬೇಡಿ. ಹೊಯ್ಸಳರಲ್ಲಿ ರಾಜನ ಜೊತೆಗೇ ಪ್ರಾಣ ಬಿಡುವ ಆಣೆ ಹಾಕಿದ ಅಂಗರಕ್ಷಕರಿಗೆ ಗರುಡರು ಅನ್ನುತ್ತಿದ್ದರು. ಇಮ್ಮಡಿ ಬಲ್ಲಾಳನಿಗೆ ಹಾಗೆ ಗರುಡನಾಗಿದ್ದ ಕುವರ ಲಕ್ಷ್ಮ ಎಂಬುವನ ಕಂಬ ಅಲ್ಲೇ ಇದೆ.

ಶಿಬಿಯ ಕಥೆಯಲ್ಲಿ ಪಾರಿವಾಳವನ್ನು ಅಟ್ಟಿಸಿಕೊಂಡು ಬಂದದ್ದು ಶ್ಯೇನ, ಅಂದರೆ ಗಿಡುಗ. ಜಟಾಯುವನ್ನು ಗೃಧ್ರ ಅನ್ನುತ್ತಾರೆ, ಅದು ರಣಹದ್ದು. ಈಜಿಪ್ಟಿನ ಹೋರಸ್ ದೇವರಿಗೆ ಹಳೆಯ ಪುಸ್ತಕಗಳು ಗಿಡುಗದ ತಲೆ ಅಂತ ಬರೆದಿವೆ. ಕಣ್ಣಿನ ಕೆಳಗೆ ಇಳಿಯುವ ಕಪ್ಪು ಗೀರು ನೋಡಿ. ಅದು ಚಾಣದ ಕೆನ್ನೆಯ ಗುರುತು.

ಇನ್ನು ನನಗೆ ತುಂಬಾ ಇಷ್ಟವಾದದ್ದು. ವಿಜಯನಗರವನ್ನು 1485ರಿಂದ ಆಳಿದ ಸಾಳುವ ನರಸಿಂಹನ ಹೆಸರಿನ 'ಸಾಳುವ' ಏನು ಗೊತ್ತಾ? ಬೇಟೆಗೆ ಪಳಗಿಸಿದ ಡೇಗೆ. ಆ ಮನೆತನದ ಮೂಲ ಕಲ್ಯಾಣದ ಕಡೆ ಅನ್ನುತ್ತಾರೆ. ಅದೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಡೇಗೆ ಬೇಟೆಗೇ ಒಂದು ಭಾಗವಿದೆ. ಡೇಗೆ ಎಂಬ ಹಕ್ಕಿಯನ್ನು ಮರೆತಿದ್ದೇವೆ, ಸಾಳುವ ಎಂಬ ರಾಜನನ್ನು ಮಾತ್ರ ಪರೀಕ್ಷೆಗೆ ಓದುತ್ತೇವೆ.

ಹಕ್ಕಿ ಗಾಯವಾಗಿ ಬಿದ್ದಿದ್ದರೆ

ಇದನ್ನೂ ಜಾಸ್ತಿ ಜನ ಕೇಳುತ್ತಾರೆ. ಗಾಳಿಪಟದ ಮಾಂಜಾ ದಾರ ರೆಕ್ಕೆಗೆ ಸುತ್ತಿ ಬೀಳುವ ಹದ್ದುಗಳು ನಗರದಲ್ಲಿ ಸಾಮಾನ್ಯ.

1. ಹಿಂದಿನಿಂದ ಹೋಗಿ ದಪ್ಪ ಟವೆಲ್ ಹೊದಿಸಿ. ಕತ್ತಲಾದರೆ ಹಕ್ಕಿ ಶಾಂತವಾಗುತ್ತದೆ.

2. ಹೆದರಬೇಕಾದ್ದು ಕೊಕ್ಕಿಗಲ್ಲ, ಉಗುರಿಗೆ. ಕಾಲುಗಳನ್ನು ಟವೆಲ್ ಸಮೇತ ಹಿಡಿಯಿರಿ.

3. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಮುಚ್ಚಿ. ತಂತಿ ಪಂಜರ ಬೇಡ, ಗರಿ ಮುರಿಯುತ್ತದೆ.

4. ಬಾಯಿಗೆ ನೀರು ಹುಯ್ಯಬೇಡಿ. ಹಾಲು, ಅನ್ನ ಬೇಡವೇ ಬೇಡ. ಸುತ್ತಿದ ದಾರವನ್ನು ಎಳೆಯಬೇಡಿ, ಉದ್ದ ತುದಿಯನ್ನು ಕತ್ತರಿಸಿ ಹಾಗೇ ಬಿಡಿ.

5. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ಒಯ್ಯಿರಿ.

ವಾಸಿಯಾಗುವವರೆಗೆ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ಬೇಟೆ ಹಕ್ಕಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮರದ ಕೆಳಗೆ ಸಿಕ್ಕಿದ್ದು ಗರಿ ಪೂರ್ತಿ ಬಂದ ಮರಿಯಾಗಿದ್ದು, ಗಾಯವಿಲ್ಲದಿದ್ದರೆ ನಾಯಿ ಬೆಕ್ಕು ಸಿಗದ ಕೊಂಬೆಗೆ ಏರಿಸಿ ದೂರ ಸರಿಯಿರಿ. ಅದರ ಅಮ್ಮ ಎಲ್ಲೋ ಹತ್ತಿರವೇ ಇರುತ್ತದೆ. ತಲೆಗೆ ಕುಕ್ಕೀತು, ಟೋಪಿ ಹಾಕಿಕೊಂಡೇ ಹೋಗಿ.